ಗೋಡೆಯಾಚೆಯ ಕೂಗು

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದು ಗಾದೆ. ಆದರೆ ಜಗಳವೇ ಬೇರೆ, ಹಿಂಸೆಯೇ ಬೇರೆ. ಜಗಳದಲ್ಲಿ ಇಬ್ಬರೂ ಮಾತನಾಡುತ್ತಾರೆ. ಹಿಂಸೆಯಲ್ಲಿ ಒಬ್ಬರು ಅಂಜಿ ಬಾಯಿ ಮುಚ್ಚುತ್ತಾರೆ. ಗಾದೆಯನ್ನು ನೆನೆದು ನೆರೆಯವರು ಸುಮ್ಮನಾದರೆ ನೊಂದವಳಿಗೆ ದಿಕ್ಕಿಲ್ಲದಂತಾಗುತ್ತದೆ.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಹೊಡೆತವಷ್ಟೇ ಅಲ್ಲ, ಹೀನಾಯವಾದ ಮಾತು, ಜೀವನಕ್ಕೆ ಬೇಕಾದ ಹಣವನ್ನು ತಡೆಹಿಡಿಯುವುದು ಸಹ ಅದರ ದೃಷ್ಟಿಯಲ್ಲಿ ಹಿಂಸೆಯೇ. ನೊಂದವಳೇ ದೂರಬೇಕೆಂದಿಲ್ಲ, ನೆರೆಯವರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳದು. ಆಕೆ ಸಂಸಾರ ನಡೆಸಿದ ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗುಂಟು. 181 ಸಂಖ್ಯೆಯ ಸಹಾಯವಾಣಿ ಹಗಲಿರುಳೂ ಕರೆಗೆ ಓಗೊಡುತ್ತದೆ. 2015ರಲ್ಲಿ ಆರಂಭವಾದ ‘ಸಖಿ’ ಯೋಜನೆಯ ಕೇಂದ್ರಗಳಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸರ ನೆರವು, ಕಾನೂನಿನ ಸಲಹೆ, ತಾತ್ಕಾಲಿಕ ವಸತಿ ಒಂದೆಡೆ ದೊರೆಯುತ್ತವೆ.

ಆದರೆ ಈ ನೆರವೆಲ್ಲ ಬರುವುದು ಪೆಟ್ಟು ಬಿದ್ದ ಮೇಲೆ. ಪೆಟ್ಟೇ ಬೀಳದಂತೆ ಮಾಡುವುದು ಶಿಕ್ಷಣದ ಕೆಲಸ. ಕೈಯೆತ್ತುವುದನ್ನು ಮಕ್ಕಳು ಹಿರಿಯರನ್ನು ಕಂಡು ಕಲಿಯುತ್ತಾರೆ. ಹಾಗೆಯೇ ಅದನ್ನು ಬಿಡಲೂ ಕಲಿಯಬಲ್ಲರು. ಸಿಟ್ಟನ್ನು ಮಾತಿನಲ್ಲಿ ಹೇಳುವುದು, ‘ಬೇಡ’ ಎಂದವರ ಮಾತಿಗೆ ಬೆಲೆ ಕೊಡುವುದು, ತಂಗಿಯ ಪಾಲಿನ ಮನೆಗೆಲಸದಲ್ಲಿ ಅಣ್ಣನೂ ಕೈಜೋಡಿಸುವುದು ಎಳವೆಯಲ್ಲೇ ರೂಢಿಯಾಗಬೇಕು. ಗೋಡೆಯಾಚೆಯ ಕೂಗಿಗೆ ಕಿವಿಗೊಡುವ ನೆರೆಹೊರೆ, ಕೈಯೆತ್ತದ ಮುಂದಿನ ಪೀಳಿಗೆ, ಈ ಎರಡೂ ಇದ್ದಾಗಲೇ ಮನೆ ಎಲ್ಲರಿಗೂ ಆಸರೆಯಾಗುತ್ತದೆ.