ಕುರ್ತುಬಾ, ಗರ್ನಾತಾ ಮತ್ತು ನಮ್ಮ ಬಿಜಾಪುರ: ಸಂಚಾರದಿಂದ ಕಲಿಯುವ ಪಾಠ

ಭೂಮಿಯ ಮೇಲೆ ಸಂಚರಿಸಿ, ನಮಗಿಂತ ಹಿಂದಿನ ಜನಾಂಗಗಳ ಗತಿ ಏನಾಯಿತೆಂಬುದನ್ನು ನೋಡಬೇಕೆಂದು ಪವಿತ್ರ ಕುರ್‌ಆನ್ ಹಲವು ಕಡೆ ಆದೇಶಿಸುತ್ತದೆ. ಕಣ್ಣಿಂದ ಕಂಡದ್ದನ್ನು ತನ್ನ ಬಾಳಿಗೆ ಪಾಠವಾಗಿ ತೆಗೆದುಕೊಳ್ಳುವುದಕ್ಕೆ ಉಲಮಾಗಳು ‘ಇಬ್ರತ್’ ಎನ್ನುತ್ತಾರೆ. ಇಬ್ರತ್ ಇಲ್ಲದ ಪ್ರವಾಸದಲ್ಲಿ ದುಡ್ಡು ಖರ್ಚಾಗುತ್ತದೆ, ಫೋಟೋ ಉಳಿಯುತ್ತವೆ, ಅಷ್ಟೇ.

ನಮ್ಮ ಯುವಕರು ಈಗ ಮೊಬೈಲಿನಲ್ಲಿ ಸ್ಪೇನ್ ದೇಶದ ಊರುಗಳ ವಿಡಿಯೋ ನೋಡುತ್ತಾರೆ. ಕುರ್ತುಬಾದ ಮಸೀದಿ, ಗರ್ನಾತಾದ ಅಲ್‌ಹಂಬ್ರಾ ಅರಮನೆ, ಇಶ್ಬೀಲಿಯಾದ ಮಿನಾರು ನೋಡಿ ಮನಸ್ಸು ಭಾರ ಮಾಡಿಕೊಳ್ಳುತ್ತಾರೆ. ‘ಎಂಥ ವೈಭವ ಕಳೆದುಕೊಂಡೆವು’ ಎನ್ನುತ್ತಾರೆ. ಆ ದುಃಖ ತಪ್ಪಲ್ಲ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬಸ್ಸು ಹತ್ತಿದರೆ ಒಂದೆರಡು ತಾಸಿನಲ್ಲಿ ಮುಟ್ಟುವ ಬಿಜಾಪುರದಲ್ಲಿ ಅದೇ ಪಾಠ ಕಲ್ಲಿನಲ್ಲಿ ನಿಂತಿದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ನಮ್ಮ ಇಂದಿನ ಜಮಾಅತ್‌ಗಳಿಗೆ ಬೇಕಾದ ಮಾತು ಸಿಗುತ್ತದೆ.

ಒಂದೇ ಕಾಲ, ಎರಡು ಗತಿ

1490ರ ಸುಮಾರಿಗೆ ಯೂಸುಫ್ ಆದಿಲ್ ಖಾನ್ ಬಿಜಾಪುರದಲ್ಲಿ ತನ್ನ ಆಡಳಿತ ಕಟ್ಟಿದನು. ಅದಾದ ಒಂದೆರಡು ವರ್ಷಕ್ಕೆ, 1492ರ ಜನವರಿ 2ರಂದು, ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ ಗರ್ನಾತಾ ಶರಣಾಯಿತು. ಅಲ್ಲಿ ದೀಪ ಆರುವ ಹೊತ್ತಿಗೆ ಇಲ್ಲಿ ದೀಪ ಹಚ್ಚಲಾಗುತ್ತಿತ್ತು. ಮುಂದೆ 1510ರಲ್ಲಿ ಸ್ಪೇನಿನ ಪಕ್ಕದ ಪೋರ್ಚುಗೀಸರು ಹಡಗಿನಲ್ಲಿ ಬಂದು ಆದಿಲ್‌ಶಾಹಿಯ ಕೈಯಿಂದ ಗೋವಾವನ್ನೇ ಕಿತ್ತುಕೊಂಡರು.

ಗರ್ನಾತಾ ಶರಣಾಗುವಾಗ ಮುಸ್ಲಿಮರ ಧರ್ಮಕ್ಕೆ, ಮಸೀದಿಗೆ ಧಕ್ಕೆ ಇಲ್ಲವೆಂದು ಕರಾರು ಆಗಿತ್ತು. ಹತ್ತು ವರ್ಷವೂ ಆ ಕರಾರು ನಿಲ್ಲಲಿಲ್ಲ. ಬಲವಂತದ ಮತಾಂತರ ನಡೆಯಿತು. ಮತಾಂತರಗೊಂಡವರ ಮಕ್ಕಳು ಮೊಮ್ಮಕ್ಕಳನ್ನೂ 1609ರಿಂದ 1614ರ ನಡುವೆ ದೇಶ ಬಿಡಿಸಲಾಯಿತು. ಅದೇ ವರ್ಷಗಳಲ್ಲಿ ಬಿಜಾಪುರದ ಗದ್ದುಗೆಯಲ್ಲಿದ್ದವನು ಎರಡನೆಯ ಇಬ್ರಾಹೀಂ ಆದಿಲ್‌ಶಾಹ. ಹಿಂದೂ ಪ್ರಜೆಗಳೂ ‘ಜಗದ್ಗುರು’ ಎಂದು ಕರೆದ ಅರಸ ಅವನು. ನೆರೆಹೊರೆಯವರ ಜೊತೆ ಬಾಳುವುದು ಹೇಗೆಂದು ಕೇಳುವವರಿಗೆ ಈ ಎರಡು ಚಿತ್ರಗಳನ್ನು ತೋರಿಸಬೇಕು.

ಸಜ್ದಾ ಉಳಿದ ಮಸೀದಿ

ಕುರ್ತುಬಾದ ಜಾಮಿಅ ಮಸೀದಿಯನ್ನು 785ರ ಸುಮಾರಿಗೆ ಒಂದನೆಯ ಅಬ್ದುರ್ರಹ್ಮಾನ್ ಆರಂಭಿಸಿದನು. ಎರಡು ನೂರು ವರ್ಷ ಅದನ್ನು ಹಿಗ್ಗಿಸುತ್ತ ಹೋದರು. ಇಂದಿಗೂ ಅಲ್ಲಿ 850ಕ್ಕೂ ಹೆಚ್ಚು ಕಂಬಗಳಿವೆ, ಮಿಹ್ರಾಬಿನ ಚಿನ್ನದ ಬಣ್ಣ ಮಾಸಿಲ್ಲ. 1236ರಲ್ಲಿ ಊರು ಕೈಬಿಟ್ಟಿತು, ಮಸೀದಿ ಚರ್ಚ್ ಆಯಿತು. ಇಂದು ಟಿಕೆಟ್ ತೆಗೆದು ಒಳಗೆ ಹೋಗಬಹುದು, ನಮಾಜಿಗೆ ಅನುಮತಿ ಇಲ್ಲ.

ಬಿಜಾಪುರದ ಜಾಮಿಅ ಮಸೀದಿಯನ್ನು ಒಂದನೆಯ ಅಲಿ ಆದಿಲ್‌ಶಾಹ ಕಟ್ಟಿಸಲು ಶುರು ಮಾಡಿದ್ದು 1565ರ ಯುದ್ಧದ ನಂತರ. ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿಯ ಹೆಸರು ಹೊತ್ತ ಯುದ್ಧ ಅದು. ಮಸೀದಿ ಇಂದಿಗೂ ಪೂರ್ತಿಯಾಗಿಲ್ಲ. ಮುಂದಿನ ಮಿನಾರುಗಳ ಕೆಲಸ ಅರ್ಧಕ್ಕೇ ನಿಂತಿದೆ. 1636ರಲ್ಲಿ ಮುಹಮ್ಮದ್ ಆದಿಲ್‌ಶಾಹ ಮಿಹ್ರಾಬಿಗೆ ಚಿನ್ನದ ಚಿತ್ತಾರ ಮಾಡಿಸಿದನು. ಬಳಿಕ ಔರಂಗಜೇಬ್ ನೆಲದ ಮೇಲೆ 2,250 ಜನರಿಗೆ ಮುಸಲ್ಲಾದ ಗೆರೆ ಎಳೆಸಿದನು. ಕಟ್ಟಿದವರ ವಂಶ ಇಲ್ಲ, ಗೆರೆ ಎಳೆಸಿದವರ ಸಾಮ್ರಾಜ್ಯವೂ ಇಲ್ಲ. ಅಜಾನ್ ಇದೆ, ಸಫ್ ಇದೆ. ಅಂದಮೇಲೆ ಅಲ್ಲಿಗೆ ಹೋದವರು ಫೋಟೋ ತೆಗೆದು ಹಾಗೇ ಹೊರಬರುವುದು ಸರಿಯೇ? ಜುಹರ್ ನಮಾಜನ್ನು ಅಲ್ಲಿಯೇ ಜಮಾಅತ್ ಜೊತೆ ಮಾಡುವಂತೆ ಪ್ರವಾಸದ ಹೊತ್ತು ಹೊಂದಿಸಿಕೊಳ್ಳಿ. ಕುರ್ತುಬಾದಲ್ಲಿ ಸಿಗದ ಭಾಗ್ಯ ಇದು.

ಒಳಗಿನ ಹುಳ

ಸ್ಪೇನ್ ಏಕೆ ಕೈಬಿಟ್ಟಿತು? ವೈರಿಯ ಬಲವೊಂದೇ ಕಾರಣವಲ್ಲ. 1031ರಲ್ಲಿ ಕುರ್ತುಬಾದ ಖಿಲಾಫತ್ ಮುರಿದು ಹತ್ತಿಪ್ಪತ್ತು ಸಣ್ಣ ರಾಜ್ಯಗಳಾದವು. ಅವುಗಳಿಗೆ ‘ತಾಯಿಫಾ’ ಎಂದು ಹೆಸರು, ಅಂದರೆ ಗುಂಪು. ಒಬ್ಬ ಮುಸ್ಲಿಂ ದೊರೆ ಇನ್ನೊಬ್ಬನನ್ನು ಬಗ್ಗುಬಡಿಯಲು ಹೊರಗಿನ ಅರಸರಿಗೆ ಕಪ್ಪ ಕೊಟ್ಟು ಸೈನ್ಯ ತಂದನು. 1085ರಲ್ಲಿ ತುಲೈತುಲಾ, ಅಂದರೆ ಟೊಲೆಡೊ, ಹೋಯಿತು. ಮಿಕ್ಕವು ಒಂದೊಂದಾಗಿ ಹೋದವು.

ದಖ್ಖನಿನ ಕಥೆ ಬೇರೆಯೇನಲ್ಲ. ಬಹಮನಿ ರಾಜ್ಯ ಒಡೆದು ಐದಾಯಿತು. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರ್, ಬೇರಾರ್ ಒಂದನ್ನೊಂದು ಕಾದವು. ದರ್ಬಾರಿನೊಳಗೆ ದಖ್ಖನಿಗಳು ಮತ್ತು ಹೊರದೇಶದಿಂದ ಬಂದ ಆಫಾಕಿಗಳು ಎಂದು ಎರಡು ಪಂಗಡ. 1672ರಲ್ಲಿ ಎರಡನೆಯ ಅಲಿ ಆದಿಲ್‌ಶಾಹ ತೀರಿಕೊಂಡಾಗ ಗದ್ದುಗೆಗೆ ಬಂದ ಸಿಕಂದರ್ ಇನ್ನೂ ಮಗು. ಖವಾಸ್ ಖಾನನ ದಖ್ಖನಿ ಗುಂಪು, ಬಹ್ಲೋಲ್ ಖಾನನ ಅಫ್ಘಾನ್ ಗುಂಪು ಕಚ್ಚಾಡಿದವು. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ಸೈನ್ಯದ ಮುಂದೆ ಬಿಜಾಪುರ ಶರಣಾಯಿತು. ಗರ್ನಾತಾ ಗೆದ್ದವರು ಪರಧರ್ಮದವರು, ಬಿಜಾಪುರ ಗೆದ್ದವನು ಕಲಿಮಾ ಓದುವವನು. ಎರಡೂ ಗೋಡೆಗಳನ್ನು ಮೊದಲು ಟೊಳ್ಳು ಮಾಡಿದ್ದು ಒಳಗಿನ ಹುಳ. ಊರ ನಡುವಿನ ಬಾರಾಕಮಾನ್ ನೋಡಿ. ತಂದೆಯ ಗೋಳಗುಮ್ಮಟವನ್ನೂ ಮೀರಿಸಬೇಕೆಂದು ಎರಡನೆಯ ಅಲಿ ಕಟ್ಟಿಸಲು ತೊಡಗಿದ ಗೋರಿ ಅದು. ಬರೀ ಕಮಾನುಗಳಾಗಿ ಆಕಾಶಕ್ಕೆ ಬಾಯಿ ತೆರೆದು ನಿಂತಿದೆ.

ಇದನ್ನು ಓದಿ ಹಿಂದಿನವರನ್ನು ಬಯ್ಯುವುದು ಸುಲಭ. ನಮ್ಮ ಊರುಗಳಲ್ಲಿ ಏನು ನಡೆದಿದೆ? ಮಸೀದಿ ಕಮಿಟಿಯ ಎರಡು ಪಾರ್ಟಿ ಪರಸ್ಪರ ಸಲಾಮ್ ಹೇಳುವುದಿಲ್ಲ. ಮುತವಲ್ಲಿ ಸ್ಥಾನಕ್ಕೆ ಅಣ್ಣತಮ್ಮಂದಿರು ಕೋರ್ಟಿನಲ್ಲಿ ನಿಲ್ಲುತ್ತಾರೆ. ಸಣ್ಣ ಮಸಲೆಯ ಭಿನ್ನಾಭಿಪ್ರಾಯಕ್ಕೆ ಒಂದು ಓಣಿಯ ಜನ ಇನ್ನೊಂದು ಓಣಿಯ ಮಸೀದಿಗೆ ಕಾಲಿಡುವುದಿಲ್ಲ. ಇವೂ ತಾಯಿಫಾಗಳೇ. ಸ್ಪೇನಿಗಾಗಿ ಕಣ್ಣೀರು ಹಾಕುವವರು ಮೊದಲು ತಮ್ಮ ಓಣಿಯ ಈ ಜಗಳ ಮುಗಿಸಲಿ.

ನೀರು ಮತ್ತು ಇಲ್ಮ್

ಅರಸರು ಅಳಿದರೂ ಜನರ ಉಪಯೋಗಕ್ಕೆ ಮಾಡಿದ ಕೆಲಸ ಉಳಿಯುತ್ತದೆ. ಸ್ಪೇನಿನ ಒಣ ನೆಲಕ್ಕೆ ಅರಬರು ಕಾಲುವೆ ತಂದರು, ಲಿಂಬೆ, ಹುಳಿ ಕಿತ್ತಳೆ, ಕಬ್ಬು ತಂದರು. ಇಂದಿಗೂ ಸ್ಪ್ಯಾನಿಷ್ ಭಾಷೆಯಲ್ಲಿ ಕಾಲುವೆಗೆ ‘ಅಸೇಕಿಯಾ’ ಎನ್ನುತ್ತಾರೆ, ಅರಬಿಯ ‘ಅಸ್ಸಾಕಿಯಾ’ದಿಂದ ಬಂದ ಮಾತು. ಲಿಂಬೆಗೆ ‘ಲಿಮೋನ್’ ಎನ್ನುವುದೂ ಅರಬಿಯ ‘ಲೈಮೂನ್’. ಲಿಂಬೆ ಬೆಳೆದು ಹೆಸರಾದ ಇಂಡಿಯ ರೈತರಿಗೆ ಇದು ಹತ್ತಿರದ ಮಾತು. ವೆಲೆನ್ಸಿಯಾ ಪಟ್ಟಣದಲ್ಲಿ ಕಾಲುವೆ ನೀರಿನ ತಂಟೆ ತೀರಿಸಲು ರೈತರದೇ ಪಂಚಾಯತಿ ಪ್ರತಿ ಗುರುವಾರ ಮಧ್ಯಾಹ್ನ ಇಂದಿಗೂ ಸೇರುತ್ತದೆ. ಕುರ್ತುಬಾದಲ್ಲಿ ಹುಟ್ಟಿದ ಇಬ್ನ್ ರುಶ್ದ್, ಅದರ ಪಕ್ಕದ ಜಹ್ರಾದ ಶಸ್ತ್ರವೈದ್ಯ ಜಹ್ರಾವಿ ಬರೆದ ಗ್ರಂಥಗಳನ್ನು ಯುರೋಪ್ ಶತಮಾನಗಳ ಕಾಲ ಓದಿತು.

ಬಿಜಾಪುರದವರೂ ನೀರಿನ ಬೆಲೆ ಬಲ್ಲವರು. ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ನೀರು ತಂದರು. 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದರು. ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಯಿತು. ಗುಮ್ಮಟ ನೋಡಿದ ಮಕ್ಕಳಿಗೆ ಬಾವಡಿಯನ್ನೂ ತೋರಿಸಿ. ಹರಿಯುವ ಹೊಳೆಯ ದಂಡೆಯಲ್ಲಿದ್ದರೂ ವಜೂಗೆ ನೀರು ದುಂದು ಮಾಡಬಾರದೆಂದು ಪ್ರವಾದಿ(ಸ) ಕಲಿಸಿದರು. ನಮ್ಮದು ಬರದ ಸೀಮೆ. ಮಸೀದಿಯ ನಳ ಸೋರುತ್ತಿದ್ದರೆ ಅದನ್ನು ಕಟ್ಟಿಸುವುದೂ ಸವಾಬಿನ ಕೆಲಸ.

ಹೋಗುವವರಿಗೆ ಕೆಲವು ಮಾತು

ಬೆಳಿಗ್ಗೆ ಬೇಗ ಗೋಳಗುಮ್ಮಟ ನೋಡಿ, ಜುಹರ್‌ಗೆ ಜಾಮಿಅ ಮಸೀದಿ ಸೇರಿ. ಊಟದ ನಂತರ ಬಾರಾಕಮಾನ್, ತಾಜ್ ಬಾವಡಿ, ಕೊನೆಗೆ ಇಬ್ರಾಹೀಂ ರೋಜಾ. ಅಲ್ಲಿ ಗೋರಿಯ ಎದುರಿಗೇ ಮಸೀದಿಯೂ ಇದೆ. ಗೋಳಗುಮ್ಮಟದ ಮ್ಯೂಸಿಯಂಗೆ ಶುಕ್ರವಾರ ರಜೆ, ನೆನಪಿರಲಿ.

ಗೋಳಗುಮ್ಮಟದಲ್ಲಿ ಮೇಲಿನ ಸುತ್ತುಗಟ್ಟೆಯಿಂದ ಮಕ್ಕಳು ಕೂಗಿ ಪ್ರತಿಧ್ವನಿ ಕೇಳುತ್ತಾರೆ. ಅದು ಗೋರಿ ಎಂಬುದನ್ನು ಅವರಿಗೆ ತಿಳಿಸಿ ಹೇಳಿ. ಮೇಲೆ ಕಾಣುವುದು ಗುರುತು ಮಾತ್ರ, ನಿಜವಾದ ಕಬರ್‌ಗಳು ಕೆಳಗಿನ ನೆಲಮನೆಯಲ್ಲಿವೆ. ಮೆಲ್ಲಗೆ ಪಿಸುಗುಟ್ಟಿದರೂ ಆ ಗೋಡೆ ಆಚೆ ಬದಿಗೆ ಮಾತು ಮುಟ್ಟಿಸುತ್ತದೆ, ಕೂಗಾಟ ಬೇಕಿಲ್ಲ. ಸಲಾಮ್ ಹೇಳಿ, ಮರ್ಹೂಮರಿಗೆ ದುಆ ಮಾಡಿ, ನಮ್ಮ ಸಾವನ್ನೂ ನೆನೆಯಿರಿ. ಗೋರಿಗೆ ಸಜ್ದಾ, ಸುತ್ತು ಹಾಕುವುದು ಬೇಡ.

ಗೋಡೆಯ ಮೇಲೆ ಹೆಸರು ಕೆತ್ತುವುದು ಅಮಾನತ್‌ಗೆ ಖಿಯಾನತ್. ಸರಕಾರದ ಕಾನೂನಿನಲ್ಲೂ ಸಂರಕ್ಷಿತ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಅಲ್‌ಹಂಬ್ರಾದ ಗೋಡೆಗಳ ಮೇಲೆ ಗರ್ನಾತಾದ ಅರಸರು ತಮ್ಮ ಹೆಸರಿಗಿಂತ ಹೆಚ್ಚಾಗಿ, ಅಲ್ಲಾಹನ ಹೊರತು ವಿಜಯಿ ಯಾರೂ ಇಲ್ಲ ಎಂಬ ಮಾತನ್ನು ಮತ್ತೆ ಮತ್ತೆ ಕೆತ್ತಿಸಿದ್ದರು. ಆ ಮಾತು ನಿಜವೆಂದು ಅವರ ಅರಮನೆಯೇ ಇಂದು ಸಾಕ್ಷಿ ಹೇಳುತ್ತದೆ.

ಅದೇ ಗರ್ನಾತಾದಲ್ಲಿ ಅಲ್‌ಹಂಬ್ರಾದ ಎದುರಿನ ಗುಡ್ಡದ ಮೇಲೆ 2003ರಲ್ಲಿ ಹೊಸ ಮಸೀದಿ ತೆರೆಯಿತು. ಐದು ನೂರು ವರ್ಷ ಕಳೆದ ಮೇಲೆ ಅಲ್ಲಿ ಮತ್ತೆ ಸಫ್ ನಿಂತಿದೆ. ನಮ್ಮ ಮಸೀದಿಗಳಲ್ಲಿ ಸಫ್ ಎಂದೂ ಮುರಿದಿಲ್ಲ. ಅದನ್ನು ನೆಟ್ಟಗೆ, ಹೆಗಲಿಗೆ ಹೆಗಲು ಹಚ್ಚಿ ಕಾಪಾಡಿಕೊಂಡು ಹೋಗುವ ತೌಫೀಕ್ ಅಲ್ಲಾಹನು ನಮಗೆಲ್ಲ ನೀಡಲಿ. ಆಮೀನ್.