ಹೊಸ ಟೈರು, ಒದ್ದೆ ರಸ್ತೆ

ಮಳೆಗಾಲ ಬಂತೆಂದು ಮೋಟಾರ್ ಸೈಕಲ್ಲಿಗೆ ಹೊಸ ಟೈರು ಹಾಕಿಸಿದ್ದೀರಾ? ಇನ್ನು ಜಾರುವ ಭಯವಿಲ್ಲವೆಂದು ತಿಳಿಯಬೇಡಿ. ಮೊದಲ ಕೆಲವು ದಿನ ಹೊಸ ಟೈರೂ ಜಾರುತ್ತದೆ. ಏಕೆ ಹೀಗೆ?

ಟೈರನ್ನು ಕಾದ ಅಚ್ಚಿನಲ್ಲಿ ಒತ್ತಿ ತಯಾರಿಸುತ್ತಾರೆ. ಆದುದರಿಂದ ಅದರ ಹೊರಮೈ ನುಣುಪಾಗಿರುತ್ತದೆ. ಅಚ್ಚಿಗೆ ಅಂಟದಿರಲೆಂದು ಬಳಸಿದ ಲೇಪವೂ ಮೇಲೆ ಉಳಿದಿರಬಹುದು. ರಸ್ತೆಗೆ ಉಜ್ಜಿ ಈ ನುಣುಪು ಹೋದ ಮೇಲೆಯೇ ರಬ್ಬರಿಗೆ ಪೂರ್ಣ ಹಿಡಿತ ಬರುವುದು. ಮಳೆಯಲ್ಲಿ ರಸ್ತೆಗೂ ಟೈರಿಗೂ ನಡುವೆ ನೀರು ಸೇರುತ್ತದೆ. ಘರ್ಷಣೆ ತಗ್ಗಿ, ನುಣುಪು ಸವೆಯುವುದೂ ನಿಧಾನವಾಗುತ್ತದೆ.

ಇನ್ನೊಂದು ಸಂಗತಿಯಿದೆ. ನೇರವಾಗಿ ಹೋಗುವಾಗ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ತಿರುವಿನಲ್ಲಿ ವಾಹನ ವಾಲಿದಾಗ ನೆಲ ಮುಟ್ಟುವುದು ಅದರ ಅಂಚು. ವಾರವೆಲ್ಲ ನೇರ ರಸ್ತೆಯಲ್ಲಿ ಕಾಲೇಜಿಗೆ ಓಡಾಡಿ, ರಜೆಯಲ್ಲಿ ಆಗುಂಬೆ ಘಾಟಿ ಇಳಿಯಲು ಹೊರಟರೆ, ಟೈರಿನ ಅಂಚು ಅಲ್ಲಿ ಇನ್ನೂ ಹೊಸದೇ!

ಆದ್ದರಿಂದ ಮೊದಲ 150ರಿಂದ 200 ಕಿಲೋಮೀಟರು ಎಚ್ಚರದಿಂದ ಓಡಿಸಿ. ಸಾಧ್ಯವಾದರೆ ಒಣ ರಸ್ತೆಯಲ್ಲಿ ಆರಂಭಿಸಿ, ತಿರುವುಗಳಲ್ಲಿ ಸ್ವಲ್ಪಸ್ವಲ್ಪವಾಗಿ ವಾಲುವುದನ್ನು ಹೆಚ್ಚಿಸಿ. ಮಳೆಯಲ್ಲಿ ತಿರುವಿಗೆ ಮೊದಲೇ ವೇಗ ತಗ್ಗಿಸಿ. ಎರಡೂ ಬ್ರೇಕುಗಳನ್ನು ಮೆಲ್ಲಗೆ ಒತ್ತಿ. ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ವಾಹನ ಸಾಗುವ ದೂರ ನಾಲ್ಕರಷ್ಟಾಗುತ್ತದೆಂಬುದು ನೆನಪಿರಲಿ. ರಸ್ತೆಯ ಬಿಳಿ ಪಟ್ಟೆ, ಚರಂಡಿಯ ಕಬ್ಬಿಣದ ಮುಚ್ಚಳಗಳ ಮೇಲೆ ವಾಲಿಸಬೇಡಿ. ಟೈರಿಗೆ ಎಣ್ಣೆ, ಪಾಲಿಶ್ ಸೋಕಿಸಬೇಡಿ. ಗಾಳಿಯ ಒತ್ತಡ ತಯಾರಕರು ಸೂಚಿಸಿದಷ್ಟೇ ಇರಲಿ.

ಈ ಕೆಲವು ದಿನ ಗೆಳೆಯರನ್ನು ಹಿಂದೆ ಕೂರಿಸಿಕೊಳ್ಳದಿರುವುದು ಒಳ್ಳೆಯದು. ಹೆಲ್ಮೆಟ್ಟಂತೂ ಎಂದೆಂದಿಗೂ ತಲೆಯ ಮೇಲಿರಲಿ.