ಮೊದಲು ಚಿಕಿತ್ಸೆ, ಆಮೇಲೆ ಗರಡಿ

ಜ್ವರದಿಂದ ಬಳಲುತ್ತಿರುವ ಹುಡುಗನನ್ನು ಗರಡಿಗೆ ಕರೆದೊಯ್ದು, ‘ಇವನ ಮೈಗೆ ಬಲ ಬರಿಸಿ’ ಎಂದು ಯಾವ ತಂದೆಯೂ ಉಸ್ತಾದನನ್ನು ಬೇಡಲಾರನು. ಆದರೆ ಮೋಟಾರು ಕಾರಿನ ವಿಷಯದಲ್ಲಿ ನಾವು ಈ ವಿವೇಕವನ್ನು ಮರೆಯುವುದುಂಟು.

ನನ್ನ ಸೋದರಳಿಯನ ಬಳಿ ಪುಟ್ಟದೊಂದು ಕಾರಿದೆ. ಹೊರನೋಟಕ್ಕೆ ಸಾಧು, ಹಿಂಬಾಗಿಲು ಮೇಲಕ್ಕೆ ತೆರೆಯುವ ಸಂಸಾರಸ್ಥರ ವಾಹನ. ಒಳಗಿನ ಎಂಜಿನ್ನು ಮಾತ್ರ ಓಟದ ಕುದುರೆಯ ಜಾತಿಯದು. ಇಂಥವನ್ನು ಬಲ್ಲವರು ‘ಹಾಟ್ ಹ್ಯಾಚ್’ ಎಂದು ಕರೆಯುತ್ತಾರೆ. ಇನ್ನೊಬ್ಬರಿಂದ ಕೊಂಡುದು. ಕೆಲವೇ ತಿಂಗಳಲ್ಲಿ ಅದರ ಓಟ ಮಂಕಾಯಿತು, ಏರಿನಲ್ಲಿ ತೊದಲತೊಡಗಿತು. ಎಂಜಿನ್ನನ್ನು ಆಳುವ ಕಂಪ್ಯೂಟರಿನ ಲೆಕ್ಕಾಚಾರವನ್ನೇ ತಿದ್ದಿಸಿ ಬಲ ಹೆಚ್ಚಿಸಬೇಕೆಂದು ಅವನು ಹಣ ಕೂಡಿಡುತ್ತಿದ್ದನು. ‘ಮೊದಲು ನಾಡಿ ನೋಡೋಣ’ ಎಂದೆನು.

ಈಚಿನ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ 16 ರಂಧ್ರಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಅಗ್ಗದ ಸ್ಕ್ಯಾನರೊಂದನ್ನು ಸಿಕ್ಕಿಸಿದರೂ ಸಾಕು, ಕಂಪ್ಯೂಟರು ಬರೆದಿಟ್ಟ ದೋಷದ ಸಂಕೇತ ಕಾಣುತ್ತದೆ. ನಮಗೆ ಕಂಡುದು ‘ಪಿ 0301’. ಎಂದರೆ, ಒಂದನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಹುಡುಗನು ಕೂಡಲೇ ಪ್ಲಗ್ಗು, ಕಾಯಿಲು, ಇಂಜೆಕ್ಟರು ಎಲ್ಲವನ್ನೂ ಕೊಳ್ಳಲು ಹೊರಟನು. ತಡೆದೆನು. ಸಂಕೇತವು ಹೇಳುವುದು ರೋಗದ ಲಕ್ಷಣವನ್ನು. ಕಾರಣವನ್ನು ನಾವೇ ಹುಡುಕಬೇಕು. ಎಂಜಿನ್ನು ತಣಿದ ಮೇಲೆ, ಕೀಲಿ ತೆಗೆದು, ಒಂದನೆಯ ಮತ್ತು ಎರಡನೆಯ ಸಿಲಿಂಡರುಗಳ ಕಾಯಿಲುಗಳನ್ನು ಅದಲುಬದಲು ಮಾಡಿದೆವು. ಹಳೆಯ ಸಂಕೇತವನ್ನು ಅಳಿಸಿ ಓಡಿಸಿದಾಗ ‘ಪಿ 0302’ ಬಂದಿತು. ದೋಷವು ಕಾಯಿಲಿನೊಡನೆ ಮನೆ ಬದಲಿಸಿತ್ತು! ಒಂದೇ ಕಾಯಿಲಿನ ಬೆಲೆಯಲ್ಲಿ ತೊದಲು ನಿಂತಿತು. ಹಾಗೆಯೇ ಓಡಿಸುತ್ತಿದ್ದರೆ ಉರಿಯದ ಪೆಟ್ರೋಲು ಹೊಗೆಕೊಳವೆಯನ್ನು ಸೇರಿ, ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕಬಹುದಾಗಿತ್ತು.

ಕಾರಿಗೆ ಬಲ ಮರಳಿತು. ಮರುಭಾನುವಾರ ನನ್ನನ್ನೂ ಅವನ ತಾಯಿಯಾದ ನನ್ನ ಅಕ್ಕನನ್ನೂ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟನು. ಇಳಿಯುವಾಗ ತಿರುವು ತಿರುವಿನಲ್ಲೂ ಬ್ರೇಕು ಒತ್ತುತ್ತ ಬಂದವನ ಮುಖ ಒಮ್ಮೆಲೇ ಬಿಳುಪೇರಿತು. ಪೆಡಲು ಹತ್ತಿಯ ದಿಂಬಿನಂತೆ ಕುಸಿಯುತ್ತಿದ್ದಿತು. ಕೆಳಗಿನ ಗೇರಿಗೆ ಇಳಿಸಿ, ಪೆಡಲನ್ನು ಮತ್ತೆ ಮತ್ತೆ ತುಳಿದು, ಹ್ಯಾಂಡ್ ಬ್ರೇಕನ್ನು ಮೆಲ್ಲನೆ ಎಳೆದು, ಹೇಗೋ ರಸ್ತೆಯಂಚಿನಲ್ಲಿ ನಿಲ್ಲಿಸಿದನು. ಅಕ್ಕ ಏನೂ ಆಡಲಿಲ್ಲ. ಅವಳ ಮುಷ್ಟಿಯಲ್ಲಿ ಕುಂಕುಮದ ಪೊಟ್ಟಣ ಒಡೆದುಹೋಗಿದ್ದಿತು.

ಕಾರಣ ಸರಳವಾದುದು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವವು 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ನೀರು ಬೆರೆತಾಗ ಆ ಮಿತಿ 155 ಡಿಗ್ರಿಯಷ್ಟಕ್ಕೆ ಇಳಿಯಬಹುದು. ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ಆಗ ನಮ್ಮ ಕಾಲಿನ ಒತ್ತಡ ಗುಳ್ಳೆಯನ್ನು ಅದುಮುತ್ತದೆಯೇ ಹೊರತು ಚಕ್ರವನ್ನು ಹಿಡಿಯುವುದಿಲ್ಲ. ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆ ದ್ರವವನ್ನು ಬಹುಕಾಲದಿಂದ ಯಾರೂ ಮುಟ್ಟಿರಲಿಲ್ಲ. ನಾಡಿ ನೋಡಿದೆನೆಂದು ಬೀಗಿದ ನಾನೂ ನೋಡಿರಲಿಲ್ಲ.

ಈ ಜಾತಿಯ ಕಾರುಗಳಿಗೆ ಹೆಸರು ತಂದ ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 1975ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಕಾಣಿಸಿಕೊಂಡು, 1976ರಲ್ಲಿ ಮಾರಾಟಕ್ಕೆ ಬಂದಿತು. ಅದರ 1.6 ಲೀಟರಿನ ಎಂಜಿನ್ನಿಗೆ 110 ಅಶ್ವಶಕ್ತಿ. ಮೊದಲು 5,000 ಕಾರುಗಳು ಸಾಕೆಂದು ಎಣಿಸಿದ್ದರು. ಮೊದಲ ಪೀಳಿಗೆಯೇ ನಾಲ್ಕೂವರೆ ಲಕ್ಷವನ್ನು ಮೀರಿತು. ಅದನ್ನು ರೂಪಿಸಿದವರು ಬಲವೊಂದನ್ನೇ ಹೆಚ್ಚಿಸಲಿಲ್ಲ. ಕಾರನ್ನು ನೆಲಕ್ಕೆ ತಗ್ಗಿಸಿದರು. ಮುಂಚಕ್ರಗಳಿಗೆ ಗಾಳಿಯಾಡುವ ಡಿಸ್ಕ್ ಬ್ರೇಕುಗಳನ್ನಿಟ್ಟರು. ಓಡಿಸಬಲ್ಲವನಿಗೆ ನಿಲ್ಲಿಸಲೂ ಬರಬೇಕಲ್ಲವೇ?

ಕಾನೂನೂ ಈ ಬಗೆಗೆ ಕಟ್ಟುನಿಟ್ಟಾಗಿದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂಬುದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಆಶಯ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಎತ್ತಿಹಿಡಿದಿದೆ.

ಕೂಡಿಟ್ಟ ಹಣ ಕೊನೆಗೆ ಹೊಸ ದ್ರವಕ್ಕೂ ಒಳ್ಳೆಯ ಪ್ಯಾಡುಗಳಿಗೂ ಕಂಪನಿಯೇ ಸೂಚಿಸಿದ ಅಳತೆಯ ಟೈರುಗಳಿಗೂ ಹೋಯಿತು. ಬ್ರೇಕಿನ ಕೆಲಸವನ್ನು ಮಾತ್ರ ನಾವು ಮನೆಯಂಗಳದಲ್ಲಿ ಮಾಡದೆ ನುರಿತ ಮೆಕ್ಯಾನಿಕನ ಕೈಗೆ ಒಪ್ಪಿಸಿದೆವು. ಎಂಜಿನ್ನಿನ ಬಲ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಆದರೆ ಅಕ್ಕ ಈಗ ಮಗನ ಪಕ್ಕದ ಮುಂದಿನ ಸೀಟಿನಲ್ಲಿಯೇ ಕುಳಿತುಕೊಳ್ಳುತ್ತಾಳೆ.